ಬಿಟ್ಟ ಮೇಲೆ ಕೆಮ್ಮು ಜಾಸ್ತಿಯಾಯಿತಲ್ಲ, ಡಾಕ್ಟರೇ?

ತಂಬಾಕು ಮತ್ತು ವೇಪ್ (ಇ-ಸಿಗರೇಟು) ಕುರಿತು ಓದುಗರು ಕೇಳಿದ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಪ್ರಶ್ನೆ: ಇಪ್ಪತ್ತು ವರ್ಷ ಸೇದಿ, ಬಿಟ್ಟು ಎರಡು ವಾರವಾಯಿತು. ಸೇದುವಾಗ ಇಲ್ಲದ ಕೆಮ್ಮು, ಕಫ ಈಗ ಶುರುವಾಗಿದೆ. ಬಾಯಲ್ಲಿ ಹುಣ್ಣೂ ಎದ್ದಿದೆ. ಒಂದೆರಡು ಸೇದಿದರೆ ಸರಿಹೋಗುತ್ತದೆ ಎನ್ನುತ್ತಾರೆ. ನಿಜವೇ?

ಸೇದಿದರೆ ಕೆಮ್ಮು ಅಡಗಲೂಬಹುದು. ಅಡಗುವುದು ಯಾಕೆ ಎಂಬುದನ್ನು ಮಾತ್ರ ಕೇಳಿ. ಶ್ವಾಸನಾಳದ ಒಳಮೈಯಲ್ಲಿ ಬರಿಗಣ್ಣಿಗೆ ಕಾಣದ ರೋಮಗಳಿವೆ. ಧೂಳು ಹಿಡಿದ ಕಫವನ್ನು ಸದಾ ಮೇಲಕ್ಕೆ, ಗಂಟಲಿನತ್ತ ತಳ್ಳುತ್ತಿರುವುದು ಅವುಗಳ ಕೆಲಸ. ಹೊಗೆ ಈ ರೋಮಗಳನ್ನು ಮರಗಟ್ಟಿಸುತ್ತದೆ, ಮೊಟಕು ಮಾಡುತ್ತದೆ. ಹೊಗೆ ನಿಂತ ಮೇಲೆ ಅವು ಚೇತರಿಸಿಕೊಂಡು, ತಳದಲ್ಲಿ ಕೂತಿದ್ದ ಕಫವನ್ನು ಹೊರಗೆ ಹಾಕತೊಡಗುತ್ತವೆ. ನಿಮಗೀಗ ಬರುತ್ತಿರುವುದು ಆ ಕೆಮ್ಮು. ಮತ್ತೆ ಸೇದಿದರೆ ರೋಮಗಳು ಮತ್ತೆ ಮಲಗುತ್ತವೆ, ಕೆಮ್ಮೂ ನಿಲ್ಲುತ್ತದೆ, ಕಫ ಒಳಗೇ ಉಳಿಯುತ್ತದೆ.

ನೀರು ಚೆನ್ನಾಗಿ ಕುಡಿಯಿರಿ, ಕಫ ಬಂದರೆ ನುಂಗದೆ ಉಗಿಯಿರಿ. ಸಿಗರೇಟು ಬಿಟ್ಟ ಮೊದಲ ವಾರಗಳಲ್ಲಿ ಹಲವರಿಗೆ ಬಾಯಿ ಹುಣ್ಣು ಬರುತ್ತದೆ, ತಾನಾಗಿ ಮಾಯುತ್ತದೆ. ಮಲಬದ್ಧತೆಯೂ ಹಾಗೆಯೇ. ಆದರೆ ಕಫದಲ್ಲಿ ರಕ್ತ ಕಂಡರೆ, ಮೆಟ್ಟಿಲು ಹತ್ತುವಾಗ ಹೊಸದಾಗಿ ಏದುಸಿರು ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ, ಅಥವಾ ಕೆಮ್ಮು ಮೂರ್ನಾಲ್ಕು ವಾರ ದಾಟಿದರೆ ಎದೆಯ ಎಕ್ಸ್‌ರೇ ಆಗಲೇಬೇಕು. ಅದನ್ನು ‘ಬಿಟ್ಟದ್ದಕ್ಕೆ ಬಂದ ಕೆಮ್ಮು’ ಎಂದು ಮುಂದೂಡಬೇಡಿ.

‘ಶ್ವಾಸಕೋಶ ತೊಳೆಯುವ’ ಸಿರಪ್ಪು, ಚಹಾ ಎಂದೆಲ್ಲ ಮಾರುತ್ತಾರಲ್ಲ, ಅವುಗಳಿಂದ ಶ್ವಾಸಕೋಶ ಶುದ್ಧವಾಗುವುದಿಲ್ಲ. ತೊಳೆಯುವ ಕೆಲಸವನ್ನು ಆ ರೋಮಗಳೇ ಮಾಡುತ್ತವೆ.

ಪ್ರಶ್ನೆ: ದಿನಕ್ಕೆ 20 ಸೇದುತ್ತಿದ್ದೆ, ಈಗ ಮೂರಕ್ಕೆ ಇಳಿಸಿದ್ದೇನೆ. ಅದೂ ಲೈಟ್ ಸಿಗರೇಟು. ಇಷ್ಟು ಸಾಕಲ್ಲವೇ?

ಲೆಕ್ಕದ ಪ್ರಕಾರ ಅಪಾಯ ಏಳರಲ್ಲೊಂದು ಪಾಲಿಗೆ ಇಳಿಯಬೇಕಿತ್ತು. ಹೃದಯ ಆ ಲೆಕ್ಕವನ್ನು ಒಪ್ಪುವುದಿಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆ ಹೇಳಿದ್ದು ಇದು: ದಿನಕ್ಕೆ 20 ಸೇದುವವರಿಗೆ ಹೃದಯಾಘಾತದ ಅಪಾಯ ಎಷ್ಟು ಹೆಚ್ಚುತ್ತದೋ, ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ದಿನಕ್ಕೆ ಒಂದೇ ಒಂದು ಸೇದುವವರಿಗೂ ಇರುತ್ತದೆ. ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಲು, ರಕ್ತನಾಳದ ಒಳಪದರ ಕೆರಳಲು ಸ್ವಲ್ಪವೇ ಹೊಗೆ ಸಾಕು. ಕ್ಯಾನ್ಸರ್‌ನ ವಿಷಯದಲ್ಲಿ ಸಂಖ್ಯೆ ಇಳಿಸಿದ್ದಕ್ಕೆ ಒಂದಿಷ್ಟು ಪ್ರಯೋಜನ ಸಿಗುತ್ತದೆ, ಆದರೆ ಎಷ್ಟು ವರ್ಷ ಸೇದಿದಿರಿ ಎಂಬುದು ಅಲ್ಲಿ ಬಹಳ ಮುಖ್ಯ. ಮೂರರಲ್ಲೇ ನಿಂತರೆ ವರ್ಷಗಳು ಕೂಡುತ್ತಲೇ ಹೋಗುತ್ತವೆ.

ಮೂರು ಸೇದುವವರು ಆ ಮೂರನ್ನು ಹೇಗೆ ಸೇದುತ್ತಾರೆ ಎಂದು ನೋಡಬೇಕು. ದಮ್ಮು ಆಳ, ಹೊಗೆಯನ್ನು ಒಳಗೆ ಹಿಡಿದಿಡುವ ಹೊತ್ತು ಹೆಚ್ಚು, ಬೆರಳು ಸುಡುವ ತನಕ ಎಳೆತ. ಮಿದುಳು ತನಗೆ ಬೇಕಾದಷ್ಟು ನಿಕೋಟಿನ್ ವಸೂಲಿ ಮಾಡಿಕೊಳ್ಳುತ್ತದೆ. ‘ಲೈಟ್’ ಎಂಬುದರ ಗುಟ್ಟೂ ಇಲ್ಲೇ ಇದೆ. ಅದರ ಫಿಲ್ಟರಿನ ಸುತ್ತ ಸಣ್ಣ ತೂತುಗಳಿರುತ್ತವೆ. ಅಳೆಯುವ ಯಂತ್ರ ಎಳೆದಾಗ ಆ ತೂತುಗಳಿಂದ ಗಾಳಿ ಬೆರೆತು ಟಾರ್ (ಹೊಗೆಯ ಜಿಗುಟು ಮಸಿ) ಕಡಿಮೆ ಎಂದು ತೋರಿಸುತ್ತದೆ. ಮನುಷ್ಯ ಸೇದುವಾಗ ಬೆರಳೋ ತುಟಿಯೋ ತೂತನ್ನು ಮುಚ್ಚಿರುತ್ತದೆ.

ಮೂರಕ್ಕೆ ಇಳಿಸಿದ ನಿಮಗೆ ಸೊನ್ನೆ ದೂರವಿಲ್ಲ. ಎರಡು ವಾರದೊಳಗೆ ಒಂದು ದಿನ ಗೊತ್ತುಮಾಡಿ, ಅಂದು ಪೂರ್ತಿ ನಿಲ್ಲಿಸಿ. ಒಮ್ಮೆಲೇ ನಿಲ್ಲಿಸಿದವರನ್ನೂ ಎರಡು ವಾರ ಇಳಿಸುತ್ತಾ ಬಂದು ನಿಲ್ಲಿಸಿದವರನ್ನೂ ಹೋಲಿಸಿದ 2016ರ ಒಂದು ಪ್ರಯೋಗದಲ್ಲಿ, ನಾಲ್ಕು ವಾರಗಳ ಕೊನೆಗೆ ಹೊಗೆಯಿಂದ ದೂರ ಉಳಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 49, ಎರಡನೆಯದರಲ್ಲಿ 39.

ಪ್ರಶ್ನೆ: ನಿಕೋಟಿನ್ ಗಮ್ ಅಗಿದರೆ ಗಂಟಲು ಉರಿ, ಬಿಕ್ಕಳಿಕೆ. ತಲಬು ಮಾತ್ರ ಇಳಿಯುವುದಿಲ್ಲ. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಕೂಡ ಹಚ್ಚಿ ನೋಡಿದೆ, ನಾಲ್ಕು ದಿನಕ್ಕೆ ಬಿಟ್ಟೆ. ಇವೆಲ್ಲ ಕೆಲಸಕ್ಕೆ ಬರುವುದಿಲ್ಲ ಅಲ್ಲವೇ?

ಕೆಲಸಕ್ಕೆ ಬರುತ್ತವೆ. ಬಳಸುವ ಕ್ರಮವನ್ನು ಅಂಗಡಿಯಲ್ಲಿ ಯಾರೂ ಹೇಳಿಕೊಡುವುದಿಲ್ಲ, ತೊಂದರೆ ಅಲ್ಲಿದೆ.

ಇದನ್ನು ಚ್ಯೂಯಿಂಗ್ ಗಮ್ ಎಂದುಕೊಂಡು ಅಗಿದರೆ ನಿಕೋಟಿನ್ ಎಲ್ಲ ಒಟ್ಟಿಗೆ ಜೊಲ್ಲಿನಲ್ಲಿ ಬಿಡುಗಡೆಯಾಗಿ ಹೊಟ್ಟೆಗೆ ಹೋಗುತ್ತದೆ. ಬಿಕ್ಕಳಿಕೆ, ಎದೆಯುರಿ, ವಾಕರಿಕೆ ಬರುವುದು ಅದರಿಂದ. ಹೊಟ್ಟೆಗೆ ಹೋದ ನಿಕೋಟಿನ್‌ನ ಬಹುಪಾಲನ್ನು ಯಕೃತ್ತು ಮೊದಲೇ ಒಡೆದುಹಾಕುವುದರಿಂದ ತಲಬೂ ಇಳಿಯುವುದಿಲ್ಲ. ಅದು ರಕ್ತಕ್ಕೆ ಸೇರಬೇಕಾದದ್ದು ಕೆನ್ನೆಯ ಒಳಚರ್ಮದ ಮೂಲಕ. ನಿಧಾನವಾಗಿ ಕೆಲವು ಸಲ ಅಗಿಯಿರಿ. ನಾಲಿಗೆಗೆ ಖಾರ ಅಥವಾ ಜುಮುಜುಮು ಅನಿಸಿದ ಕೂಡಲೇ ನಿಲ್ಲಿಸಿ ಗಮ್ಮನ್ನು ಕೆನ್ನೆ ಮತ್ತು ಒಸಡಿನ ಸಂದಿಯಲ್ಲಿ ಇಟ್ಟುಕೊಳ್ಳಿ. ಜುಮುಜುಮು ಹೋದಾಗ ಮತ್ತೆ ಕೆಲವು ಸಲ ಅಗಿದು, ಈ ಬಾರಿ ಇನ್ನೊಂದು ಕೆನ್ನೆಗೆ. ಹೀಗೆ ಒಂದು ಗಮ್ ಅರ್ಧ ಗಂಟೆ ಬರಬೇಕು. ಅಗಿಯುವ 15 ನಿಮಿಷ ಮೊದಲಿನಿಂದ, ಅಗಿದು ಮುಗಿಯುವ ತನಕ ಕಾಫಿ, ಹಣ್ಣಿನ ರಸ, ಸೋಡಾ ಬೇಡ. ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಒಳಚರ್ಮವನ್ನು ದಾಟುವುದಿಲ್ಲ.

ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುತ್ತಿದ್ದವರಿಗೆ 4 ಮಿಲಿಗ್ರಾಂ ಗಮ್, ಆಮೇಲೆ ಹಚ್ಚುತ್ತಿದ್ದವರಿಗೆ 2 ಮಿಲಿಗ್ರಾಂ. ಮೊದಲ ಆರು ವಾರ ಎಚ್ಚರವಿರುವಾಗ ಒಂದೆರಡು ಗಂಟೆಗೊಂದರಂತೆ, ಮುಂದಿನ ಮೂರು ವಾರ ಎರಡರಿಂದ ನಾಲ್ಕು ಗಂಟೆಗೊಂದು, ಕೊನೆಯ ಮೂರು ವಾರ ನಾಲ್ಕರಿಂದ ಎಂಟು ಗಂಟೆಗೊಂದು. ದಿನಕ್ಕೆ 24ನ್ನು ಮೀರಬೇಡಿ. ‘ತೀರಾ ತಡೆಯಲಾಗದಿದ್ದರೆ ಮಾತ್ರ ಹಾಕಿಕೊಳ್ಳುತ್ತೇನೆ’ ಎಂದು ದಿನಕ್ಕೆ ಎರಡೋ ಮೂರೋ ಅಗಿಯುವವರು ಸೋಲುವುದೇ ಹೆಚ್ಚು.

ಪ್ಯಾಚ್ ನಾಲ್ಕು ದಿನದ ಆಟವಲ್ಲ. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುತ್ತಿದ್ದರೆ 21 ಮಿಲಿಗ್ರಾಂನದು ಆರು ವಾರ, 14ರದ್ದು ಎರಡು ವಾರ, 7ರದ್ದು ಎರಡು ವಾರ. ದಿನಾ ಬೆಳಿಗ್ಗೆ ಕೂದಲಿಲ್ಲದ, ಒಣಗಿದ ಚರ್ಮದ ಮೇಲೆ, ನಿನ್ನೆಗಿಂತ ಬೇರೆ ಜಾಗದಲ್ಲಿ ಹಚ್ಚಿ ಹತ್ತು ಸೆಕೆಂಡು ಅಂಗೈಯಿಂದ ಒತ್ತಿ. ಚರ್ಮ ತುಸು ಕೆಂಪಾಗುವುದು ಸಾಮಾನ್ಯ. ರಾತ್ರಿ ವಿಚಿತ್ರ ಕನಸು ಬೀಳುತ್ತಿದ್ದರೆ ಮಲಗುವಾಗ ತೆಗೆಯಿರಿ. ಪ್ಯಾಚ್ ಇಡೀ ದಿನಕ್ಕೆ ತಳಮಟ್ಟದ ನಿಕೋಟಿನ್ ಕೊಡುತ್ತದೆ, ಆದರೆ ಏಕಾಏಕಿ ಏಳುವ ತಲಬಿನ ಮುಂದೆ ಅದು ನಿಧಾನ. ಅಲ್ಲಿಗೆ ಗಮ್ ಬೇಕು. ಎರಡನ್ನೂ ಒಟ್ಟಿಗೆ ಬಳಸಿದವರು ಒಂದನ್ನೇ ನಂಬಿದವರಿಗಿಂತ ಹೆಚ್ಚು ಗೆಲ್ಲುತ್ತಾರೆ. ನಿಕೋಟಿನ್ ಚಟದಲ್ಲಿ ಹಿಡಿದಿಡುತ್ತದೆ, ಕೊಲ್ಲುವುದು ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್, ಟಾರ್, ಎಪ್ಪತ್ತರಷ್ಟು ಕ್ಯಾನ್ಸರ್‌ಕಾರಕಗಳು. ಪ್ಯಾಚ್‌ನಲ್ಲಿ ಅವು ಯಾವುವೂ ಇಲ್ಲ. ಗರ್ಭಿಣಿಯರು ಮತ್ತು ಇತ್ತೀಚೆಗೆ ಹೃದಯಾಘಾತವಾದವರು ಮಾತ್ರ ವೈದ್ಯರನ್ನು ಕೇಳಿಯೇ ಶುರುಮಾಡಬೇಕು.

ಇದೂ ಆಗದಿದ್ದರೆ ವರೆನಿಕ್ಲಿನ್ ಮಾತ್ರೆ ಇದೆ, ವೈದ್ಯರ ಚೀಟಿ ಬೇಕು. ಮೊದಲ ಮೂರು ದಿನ 0.5 ಮಿಲಿಗ್ರಾಂ ಒಂದು ಹೊತ್ತು, ಮುಂದಿನ ನಾಲ್ಕು ದಿನ ಎರಡು ಹೊತ್ತು, ಎಂಟನೆಯ ದಿನದಿಂದ 1 ಮಿಲಿಗ್ರಾಂ ಎರಡು ಹೊತ್ತು, ಒಟ್ಟು 12 ವಾರ. ಸಿಗರೇಟು ನಿಲ್ಲಿಸುವುದು ಸಾಮಾನ್ಯವಾಗಿ ಎಂಟನೆಯ ದಿನ. ಬರಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಬರಬಹುದು, ಊಟದ ನಂತರ ಒಂದು ದೊಡ್ಡ ಲೋಟ ನೀರಿನೊಂದಿಗೆ ತೆಗೆದುಕೊಳ್ಳಿ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಪ್ರಮಾಣ ಇಳಿಸುತ್ತಾರೆ. ಬುಪ್ರೋಪಿಯಾನ್ ಎಂಬ ಇನ್ನೊಂದು ಮಾತ್ರೆಯೂ ಉಂಟು, ಮೂರ್ಛೆರೋಗ ಇದ್ದವರಿಗೆ ಅದು ಸಲ್ಲದು.

ಪ್ರಶ್ನೆ: ಸಿಗರೇಟು ಬಿಟ್ಟು ವಾರವಾಯಿತು. ಎದೆ ಡವಡವ, ಕೈನಡುಕ, ನಿದ್ದೆಯಿಲ್ಲ. ಇದು ನಿಕೋಟಿನ್ ಸಿಗದೆ ಆಗುತ್ತಿರುವುದೇ?

ಸ್ವಲ್ಪ ಮಟ್ಟಿಗೆ. ನಿಮ್ಮ ಕಾಫಿ, ಚಹಾ ಎಷ್ಟು? ಹೊಗೆಯಲ್ಲಿರುವ ಟಾರ್‌ನ ಕೆಲವು ರಾಸಾಯನಿಕಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕಾಗಿಸಿರುತ್ತವೆ. ಕೆಫೀನನ್ನು ಒಡೆಯುವುದೂ ಅದೇ ಕಿಣ್ವ. ಸೇದುವುದು ನಿಂತ ಕೆಲವೇ ದಿನಗಳಲ್ಲಿ ಕಿಣ್ವ ತನ್ನ ಮಾಮೂಲಿ ವೇಗಕ್ಕೆ ಇಳಿಯುತ್ತದೆ. ಆಗ ಅಷ್ಟೇ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ಸುಮಾರು ಎರಡು ಪಟ್ಟಾಗುತ್ತದೆ. ಕೈನಡುಕ, ಎದೆಬಡಿತ, ನಿದ್ದೆಗೇಡು ಎಲ್ಲವೂ ಅದರ ಲಕ್ಷಣಗಳೇ, ಜನ ತಲಬು ಎಂದು ತಿಳಿದು ಮತ್ತೆ ಸಿಗರೇಟು ಹಚ್ಚುತ್ತಾರೆ. ಬಿಟ್ಟ ದಿನದಿಂದಲೇ ಕಾಫಿಯನ್ನು ಅರ್ಧಕ್ಕೆ ಇಳಿಸಿ, ಮಧ್ಯಾಹ್ನದ ಮೇಲೆ ಬೇಡ.

ಕೆಲವು ಔಷಧಗಳಿಗೂ ಇದು ಅನ್ವಯಿಸುತ್ತದೆ. ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಜಪಿನ್, ಒಲಾಂಜಪಿನ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ತೆಗೆದುಕೊಳ್ಳುವವರು ಸಿಗರೇಟು ಬಿಡುವ ಮೊದಲೇ ವೈದ್ಯರಿಗೆ ತಿಳಿಸಬೇಕು. ಪ್ರಮಾಣ ಇಳಿಸದಿದ್ದರೆ ಔಷಧ ವಿಷಮಟ್ಟಕ್ಕೆ ಏರಬಹುದು. ಪ್ಯಾಚ್ ಹಚ್ಚಿದರೂ ಇದು ತಪ್ಪುವುದಿಲ್ಲ, ಕಾರಣ ಟಾರ್, ನಿಕೋಟಿನ್ ಅಲ್ಲ. ಇನ್ಸುಲಿನ್ ಹಾಕಿಕೊಳ್ಳುವವರೂ ಆ ವಾರಗಳಲ್ಲಿ ಸಕ್ಕರೆ ಮಟ್ಟವನ್ನು ಹೆಚ್ಚು ಸಲ ನೋಡಿಕೊಳ್ಳಲಿ.

ಇನ್ನು ನಿಜವಾದ ತಲಬು: ಮೊದಲ ಎರಡು ಮೂರು ದಿನ ಅದರ ಶಿಖರ, ನಾಲ್ಕು ವಾರದೊಳಗೆ ಬಹುಪಾಲು ಇಳಿಯುತ್ತದೆ. ಒಂದೊಂದು ಅಲೆ ಮೂರರಿಂದ ಐದು ನಿಮಿಷ. ಅಷ್ಟು ಹೊತ್ತು ಎದ್ದು ಓಡಾಡಿ, ಬೇರೆ ಕೋಣೆಗೆ ಹೋಗಿ.

ಪ್ರಶ್ನೆ: ಹದಿನೇಳರ ಮಗನ ಬ್ಯಾಗಿನಲ್ಲಿ ವೇಪ್ ಸಿಕ್ಕಿತು. ‘ಬರೀ ನೀರಾವಿ, ಹಣ್ಣಿನ ಫ್ಲೇವರ್’ ಎನ್ನುತ್ತಾನೆ. ಹೌದೇ?

ಅದರಲ್ಲಿ ನೀರಾವಿ ಎನ್ನುವಂಥದ್ದು ಹೆಚ್ಚೇನೂ ಇಲ್ಲ. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಸುವಾಸನೆಯ ರಾಸಾಯನಿಕಗಳು ಮತ್ತು ಹೆಚ್ಚಿನ ವೇಪ್‌ಗಳಲ್ಲಿ ನಿಕೋಟಿನ್. ಬ್ಯಾಟರಿ ಒಂದು ಲೋಹದ ಸುರುಳಿಯನ್ನು ಕಾಯಿಸುತ್ತದೆ, ಬತ್ತಿ ಹೀರಿದ ದ್ರವ ಅದರ ಮೇಲೆ ಕಾದು ಸೂಕ್ಷ್ಮ ಹನಿಗಳ ಮಂಜಾಗುತ್ತದೆ. ಸುರುಳಿಯಿಂದ ನಿಕಲ್, ಕ್ರೋಮಿಯಂ, ಸೀಸದ ಅಂಶ ಮಂಜಿಗೆ ಸೇರಬಹುದು. ದ್ರವ ಮುಗಿದು ಬತ್ತಿ ಒಣಗಿದಾಗ ಸುಟ್ಟ ರುಚಿ ಬರುತ್ತದಲ್ಲ, ಆಗ ಫಾರ್ಮಾಲ್ಡಿಹೈಡ್ ಎಂಬ ಕ್ಯಾನ್ಸರ್‌ಕಾರಕದ ಪ್ರಮಾಣ ಜಿಗಿಯುತ್ತದೆ. ಫ್ಲೇವರ್ ತಿನ್ನಲು ಸುರಕ್ಷಿತ ಎಂದರೆ ಉಸಿರಾಡಲೂ ಸುರಕ್ಷಿತ ಎಂದಲ್ಲ. ದಾಲ್ಚಿನ್ನಿಯ ರುಚಿ ಕೊಡುವ ಸಿನಮಾಲ್ಡಿಹೈಡ್, ಮೊದಲ ಉತ್ತರದಲ್ಲಿ ಹೇಳಿದ ಆ ರೋಮಗಳ ಚಲನೆಯನ್ನೇ ಕುಗ್ಗಿಸುವುದು ಪ್ರಯೋಗಾಲಯದಲ್ಲಿ ಕಂಡುಬಂದಿದೆ.

ಮಕ್ಕಳು ಇಷ್ಟು ಬೇಗ ಸಿಕ್ಕಿಬೀಳುವುದಕ್ಕೆ ಕಾರಣ ನಿಕೋಟಿನ್ ಸಾಲ್ಟ್. ಹಳೆಯ ಬಗೆಯ ನಿಕೋಟಿನ್ ದ್ರವ ಗಟ್ಟಿಯಾಗಿದ್ದರೆ ಗಂಟಲು ಕೆರೆದು ಕೆಮ್ಮು ಬರುತ್ತಿತ್ತು, ಹೊಸಬರು ಅಲ್ಲಿಗೇ ನಿಲ್ಲಿಸುತ್ತಿದ್ದರು. ಬೆಂಜೋಯಿಕ್ ಆಮ್ಲ ಬೆರೆಸಿ ಅದನ್ನು ಸಾಲ್ಟ್ ಮಾಡಿದ ಮೇಲೆ ಕೆರೆತ ಹೋಯಿತು, ಎಷ್ಟು ಗಟ್ಟಿಯಿದ್ದರೂ ನಯವಾಗಿ ಇಳಿಯುತ್ತದೆ. ಪೊಟ್ಟಣದ ಮೇಲೆ ‘5%’ ಎಂದಿದ್ದರೆ ಮಿಲಿಲೀಟರಿಗೆ ಸುಮಾರು 50 ಮಿಲಿಗ್ರಾಂ. ಎರಡು ಮಿಲಿಲೀಟರಿನ ಪಾಡ್‌ನಲ್ಲಿ (ದ್ರವ ತುಂಬಿದ ಪುಟ್ಟ ಡಬ್ಬಿ) 100 ಮಿಲಿಗ್ರಾಂ ಆಯಿತು. ಒಂದು ಸಿಗರೇಟಿನಿಂದ ದೇಹ ಸೇರುವುದು ಒಂದು, ಒಂದೂವರೆ ಮಿಲಿಗ್ರಾಂ. ಪಾಡ್‌ನದೆಲ್ಲ ರಕ್ತ ಸೇರುವುದಿಲ್ಲ, ಆದರೂ ದೊಡ್ಡ ಮೊತ್ತವೇ. ಯುರೋಪಿಯನ್ ಒಕ್ಕೂಟ ಮಿಲಿಲೀಟರಿಗೆ 20 ಮಿಲಿಗ್ರಾಂ ಎಂದು ಮಿತಿ ಹಾಕಿದೆ. ‘0%’ ಎಂದು ಬರೆದ ಕೆಲವು ದ್ರವಗಳಲ್ಲೂ ಪರೀಕ್ಷಿಸಿದಾಗ ನಿಕೋಟಿನ್ ಸಿಕ್ಕಿದ್ದುಂಟು. ಮಿದುಳು ಇಪ್ಪತ್ತೈದರ ಆಸುಪಾಸಿನವರೆಗೂ ಬೆಳೆಯುತ್ತಿರುತ್ತದೆ. ಹದಿನೇಳರಲ್ಲಿ ಹಿಡಿದ ನಿಕೋಟಿನ್ ಬೇರು ಆಳ.

2019ರಲ್ಲಿ ಅಮೆರಿಕದಲ್ಲಿ ವೇಪ್ ಸೇದಿದ ಯುವಕರು ಉಸಿರಾಡಲಾಗದೆ ಸಾಲಾಗಿ ಆಸ್ಪತ್ರೆ ಸೇರಿದ್ದನ್ನು ಓದಿರುತ್ತೀರಿ. 2020ರ ಫೆಬ್ರುವರಿಯ ಹೊತ್ತಿಗೆ 2,807 ಪ್ರಕರಣ, 68 ಸಾವು. ಅದರ ಮುಖ್ಯ ಕಾರಣ ಗಾಂಜಾ ಅಂಶದ ದ್ರವಗಳಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ಎಲ್ಲ ವೇಪ್‌ನಿಂದಲೂ ಹಾಗಾಗುತ್ತದೆ ಎಂದು ಮಗನಿಗೆ ಹೇಳಬೇಡಿ. ಒಂದು ಉತ್ಪ್ರೇಕ್ಷೆ ಸಿಕ್ಕಿಬಿದ್ದರೆ ಅವನು ನಿಮ್ಮ ನಿಜವನ್ನೂ ನಂಬುವುದಿಲ್ಲ.

ಬೈಗುಳಕ್ಕಿಂತ ಎರಡು ಪ್ರಶ್ನೆ ಕೇಳಿ: ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಬೇಕೆನಿಸುತ್ತದೆ? ಒಂದು ದಿನ ಇಲ್ಲದಿದ್ದರೆ ಏನಾಗುತ್ತದೆ? ಎದ್ದ ತಕ್ಷಣ ಬೇಕು, ಇಲ್ಲದಿದ್ದರೆ ಸಿಡುಕು, ಓದಲು ಮನಸ್ಸು ನಿಲ್ಲುವುದಿಲ್ಲ ಎಂದರೆ ಅದು ಅವಲಂಬನೆ, ಹಠವಲ್ಲ. ಕಿತ್ತುಕೊಂಡರೆ ಇನ್ನೊಂದನ್ನು ತರುತ್ತಾನೆ. ವೈದ್ಯರ ಬಳಿ ಕರೆದೊಯ್ಯಿರಿ, ಈ ವಯಸ್ಸಿನಲ್ಲಿ ಪ್ಯಾಚ್ ಬೇಕೇ ಎಂಬುದನ್ನು ಅವರು ತೀರ್ಮಾನಿಸಲಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಆ ದ್ರವ ಅವರ ಕೈಗೆ ಸಿಗದಿರಲಿ. ಸ್ವಲ್ಪ ನುಂಗಿದರೂ ವಿಷ, ಚರ್ಮದ ಮೂಲಕವೂ ಒಳಸೇರುತ್ತದೆ. ಚೆಲ್ಲಿಕೊಂಡರೆ ತಕ್ಷಣ ತೊಳೆದು, ನುಂಗಿದ್ದರೆ ವಾಂತಿ ಮಾಡಿಸದೆ ಆಸ್ಪತ್ರೆಗೆ ಒಯ್ಯಿರಿ.

ಪ್ರಶ್ನೆ: ಹಾಗಾದರೆ ಸಿಗರೇಟು ಬಿಡಲು ವೇಪ್ ಸಹಾಯ ಮಾಡುತ್ತದೆ ಎನ್ನುವುದು ಸುಳ್ಳೇ?

ಸುಳ್ಳಲ್ಲ. ಬ್ರಿಟನ್ನಿನಲ್ಲಿ 886 ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವರ್ಷದ ಕೊನೆಗೆ ಸಿಗರೇಟಿನಿಂದ ದೂರವಿದ್ದವರು ವೇಪ್ ಗುಂಪಿನಲ್ಲಿ ನೂರಕ್ಕೆ 18, ಪ್ಯಾಚ್–ಗಮ್ ಗುಂಪಿನಲ್ಲಿ 9.9. ಆದರೆ ಅದೇ ಪ್ರಯೋಗದ ಇನ್ನೊಂದು ಅಂಕಿ ಜಾಹೀರಾತಿನಲ್ಲಿ ಬರುವುದಿಲ್ಲ: ಹಾಗೆ ಗೆದ್ದವರಲ್ಲಿ ನೂರಕ್ಕೆ 80 ಜನ ವರ್ಷವಾದರೂ ವೇಪ್ ಸೇದುತ್ತಲೇ ಇದ್ದರು. ಪ್ಯಾಚ್–ಗಮ್ ಗುಂಪಿನಲ್ಲಿ ಗೆದ್ದವರ ಪೈಕಿ ಅವನ್ನು ಬಳಸುತ್ತಲೇ ಇದ್ದವರು ನೂರಕ್ಕೆ 9.

ನಮ್ಮ ಅಭಿಪ್ರಾಯ ಇಷ್ಟು. ಮೊದಲ ಆಯ್ಕೆ ಪ್ಯಾಚ್–ಗಮ್ ಜೋಡಿ ಅಥವಾ ಮಾತ್ರೆ. ಎಂದೂ ಸೇದದವರಿಗೆ ವೇಪ್‌ನಿಂದ ಆಗುವುದೆಲ್ಲ ನಷ್ಟವೇ. ಹಗಲು ಕಚೇರಿಯಲ್ಲಿ ವೇಪ್, ಸಂಜೆ ಸಿಗರೇಟು ಎನ್ನುವವರಿಗೂ ಲಾಭವಿಲ್ಲ, ಹೊಗೆ ಪೂರ್ತಿ ನಿಂತರೆ ಮಾತ್ರ ಅರ್ಥವುಂಟು. ಈಗಾಗಲೇ ಪೂರ್ತಿ ವೇಪ್‌ಗೆ ಬದಲಾಗಿದ್ದರೆ ಗಾಬರಿಬಿದ್ದು ಮತ್ತೆ ಸಿಗರೇಟಿಗೆ ಹೋಗಬೇಡಿ, ನಿಕೋಟಿನ್ ಪ್ರಮಾಣವನ್ನು ಕೆಲವು ವಾರಗಳಿಗೊಮ್ಮೆ ಒಂದೊಂದು ಹಂತ ಇಳಿಸಿ ಮುಗಿಸಿ. ಮಾರಾಟವೇ ನಿಷೇಧವಾಗಿರುವ ಕಡೆ ಈ ದಾರಿ ಬೇಡ. ಕದ್ದು ಮಾರುವ ದ್ರವದಲ್ಲಿ ಏನಿದೆ ಎಂದು ಮಾರುವವನಿಗೂ ಗೊತ್ತಿರುವುದಿಲ್ಲ.

ಪ್ರಶ್ನೆ: ಸೇದುವುದಿಲ್ಲ, ತಂಬಾಕು ಜಗಿಯುತ್ತೇನೆ. ಹೊಗೆಯಿಲ್ಲದ ಮೇಲೆ ಕ್ಯಾನ್ಸರ್ ಎಲ್ಲಿಂದ?

ಎಲೆಯಿಂದಲೇ. ತಂಬಾಕು ಒಣಗಿಸಿ ಹದಮಾಡುವಾಗ ಅದರಲ್ಲೇ ನೈಟ್ರೋಸಮೀನ್ ಎಂಬ ಕ್ಯಾನ್ಸರ್‌ಕಾರಕಗಳು ಹುಟ್ಟುತ್ತವೆ, ಬೆಂಕಿ ಬೇಕಿಲ್ಲ. ಬಾಯಿ, ಅನ್ನನಾಳ, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗಳಿಗೆ ಅದು ಕಾರಣ.

ನೀವು ತಂಬಾಕು ಇಟ್ಟುಕೊಳ್ಳುವ ಜಾಗವನ್ನು ತಿಂಗಳಿಗೊಮ್ಮೆ ಕನ್ನಡಿ, ಟಾರ್ಚು ಹಿಡಿದು ನೋಡಿಕೊಳ್ಳಿ. ಕೆನ್ನೆಯ ಒಳಗೆ, ಕೆಳತುಟಿ ಎಳೆದು ಒಸಡಿನ ಸಂದಿಯಲ್ಲಿ, ನಾಲಿಗೆಯ ಎರಡೂ ಅಂಚು ಮತ್ತು ಅಡಿ. ಒರೆಸಿದರೂ ಹೋಗದ ಬಿಳಿ ಮಚ್ಚೆ, ಅದಕ್ಕಿಂತ ಅಪಾಯಕಾರಿಯಾದ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಗಟ್ಟಿಯಾದ ಗಂಟು, ಬಾಯಿ ಮೊದಲಿನಷ್ಟು ತೆರೆಯದಿರುವುದು – ಯಾವುದೇ ಕಂಡರೂ ದಂತವೈದ್ಯರಿಗೆ ತೋರಿಸಿ. ನೋವಿಲ್ಲ ಎಂದು ಸುಮ್ಮನಾಗಬೇಡಿ, ಆರಂಭದಲ್ಲಿ ನೋವಿರುವುದೇ ಅಪರೂಪ. ಜಗಿಯುವುದು ಬಿಟ್ಟ ಮೇಲೆ ಹಲವು ಬಿಳಿ ಮಚ್ಚೆಗಳು ವಾರಗಳಲ್ಲೇ ಮಾಸುತ್ತವೆ. ಮಾಸದಿದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ.

ಪ್ರಶ್ನೆ: ಟೆನ್ಷನ್ ತಡೆಯಲು ಸೇದುತ್ತೇನೆ. ಬಿಟ್ಟರೆ ದಪ್ಪಗಾಗುತ್ತೇನೆ ಎಂಬ ಭಯವೂ ಇದೆ.

ನಿಕೋಟಿನ್ ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ, ಆಗ ಚಡಪಡಿಕೆ ಶುರು. ಸಿಗರೇಟು ಕಳೆಯುವುದು ಹಿಂದಿನ ಸಿಗರೇಟು ಹುಟ್ಟಿಸಿದ ಈ ಚಡಪಡಿಕೆಯನ್ನು. ಬಿಟ್ಟ ಕೆಲವು ವಾರಗಳ ನಂತರ ಆತಂಕ, ಖಿನ್ನತೆ ಸೇದುವ ದಿನಗಳಿಗಿಂತ ಕಡಿಮೆಯಾಗುತ್ತವೆ ಎಂಬುದನ್ನು 2014ರ ಒಂದು ದೊಡ್ಡ ಪರಿಶೀಲನೆ ತೋರಿಸಿದೆ. ತೂಕ ಏರುವುದು ನಿಜ: ವರ್ಷದಲ್ಲಿ ಸರಾಸರಿ ನಾಲ್ಕೈದು ಕಿಲೋ, ಅದರಲ್ಲಿ ಹೆಚ್ಚಿನದು ಮೊದಲ ಮೂರು ತಿಂಗಳಲ್ಲಿ. ಹೃದಯಕ್ಕೆ ಆಗುವ ಲಾಭವನ್ನು ಅದು ಕಿತ್ತುಕೊಳ್ಳುವುದಿಲ್ಲ. ಆ ತಿಂಗಳುಗಳಲ್ಲೇ ಕಟ್ಟುನಿಟ್ಟಿನ ಪಥ್ಯ ಹಿಡಿಯಬೇಡಿ, ಹಸಿದಾಗ ತಲಬು ಹೆಚ್ಚು. ದಿನಾ ನಡೆಯಿರಿ, ತೂಕದ ಲೆಕ್ಕ ಆಮೇಲೆ ಇಟ್ಟುಕೊಳ್ಳಿ.

ಪ್ರಶ್ನೆ: ನನಗೆ 61. ನಲವತ್ತು ವರ್ಷ ಸೇದಿದ್ದೇನೆ. ಈಗ ಬಿಟ್ಟು ಏನು ಬಂತು?

ಸುಮಾರು ಮೂರು ವರ್ಷ ಬಂತು. ಬ್ರಿಟಿಷ್ ವೈದ್ಯರನ್ನೇ 1951ರಿಂದ ಐವತ್ತು ವರ್ಷ ಹಿಂಬಾಲಿಸಿದ ಅಧ್ಯಯನದ ಲೆಕ್ಕವಿದು. ಸೇದುತ್ತಲೇ ಇದ್ದವರು ಸೇದದವರಿಗಿಂತ ಸರಾಸರಿ ಹತ್ತು ವರ್ಷ ಮೊದಲು ತೀರಿಕೊಂಡರು. ಅರವತ್ತರಲ್ಲಿ ಬಿಟ್ಟವರು ಅದರಲ್ಲಿ ಮೂರು, ಐವತ್ತರಲ್ಲಿ ಬಿಟ್ಟವರು ಆರು, ನಲವತ್ತರಲ್ಲಿ ಒಂಬತ್ತು, ಮೂವತ್ತರಲ್ಲಿ ಬಿಟ್ಟವರು ಹತ್ತಿರಹತ್ತಿರ ಹತ್ತೂ ವರ್ಷ ಮರಳಿ ಪಡೆದರು. ಒಂದೆರಡು ದಿನದಲ್ಲಿ ರಕ್ತದ ಕಾರ್ಬನ್ ಮೊನಾಕ್ಸೈಡ್ ಸಹಜಮಟ್ಟಕ್ಕೆ ಬರುತ್ತದೆ, ಒಂದು ವರ್ಷಕ್ಕೆ ಹೃದಯಾಘಾತದ ಹೆಚ್ಚುವರಿ ಅಪಾಯ ಸುಮಾರು ಅರ್ಧವಾಗುತ್ತದೆ, ಹತ್ತು ವರ್ಷಕ್ಕೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಸೇದುತ್ತಿರುವವರ ಅರ್ಧಕ್ಕೆ ಇಳಿಯುತ್ತದೆ. ಕಳೆದುಹೋದ ಶ್ವಾಸಕೋಶದ ಶಕ್ತಿ ಪೂರ್ತಿ ಮರಳುವುದಿಲ್ಲ, ಮುಂದಿನ ಕುಸಿತದ ವೇಗ ಮಾತ್ರ ಇಳಿಯುತ್ತದೆ. ಎಂಬತ್ತರಲ್ಲಿ ಸ್ನಾನಕ್ಕೆ ತಾವೇ ಎದ್ದು ಹೋಗುವಷ್ಟು ಉಸಿರಿರುವುದೂ ಇಲ್ಲದಿರುವುದೂ ಆ ವೇಗದ ಮೇಲೆ ನಿಂತಿದೆ.

ದಿನಕ್ಕೆ ಎಷ್ಟು ಪ್ಯಾಕ್ (20ರದ್ದು) ಎಂಬುದನ್ನು ವರ್ಷಗಳಿಂದ ಗುಣಿಸಿ. 20 ಅಥವಾ ಹೆಚ್ಚು ಬಂದರೆ, ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್ ಬಗ್ಗೆ ವೈದ್ಯರನ್ನು ಕೇಳಿ. ಅಮೆರಿಕದ 2021ರ ಮಾರ್ಗಸೂಚಿ ಇದನ್ನು 50ರಿಂದ 80 ವಯಸ್ಸಿನ, ಈಗಲೂ ಸೇದುವ ಅಥವಾ ಬಿಟ್ಟು 15 ವರ್ಷ ದಾಟದವರಿಗೆ ವರ್ಷಕ್ಕೊಮ್ಮೆ ಸೂಚಿಸುತ್ತದೆ.

ಪ್ರಶ್ನೆ: ಮನೆಯಲ್ಲಿ ಮಗುವಿದೆ ಎಂದು ಕಿಟಕಿ ತೆರೆದು ಸೇದುತ್ತೇನೆ. ಸಾಕೇ?

ಸಾಲದು. ಕಿಟಕಿ, ಫ್ಯಾನು, ಏರ್ ಪ್ಯೂರಿಫೈಯರ್ ಯಾವುದೂ ಹೊಗೆಯನ್ನು ಪೂರ್ತಿ ತೆಗೆಯುವುದಿಲ್ಲ. ಉಬ್ಬಸ, ಕಿವಿ ಸೋಂಕು, ಎಳೆಗೂಸುಗಳಲ್ಲಿ ನಿದ್ದೆಯಲ್ಲಿನ ಹಠಾತ್ ಸಾವಿನ ಅಪಾಯ ಇದರಿಂದ ಹೆಚ್ಚುತ್ತದೆ. ಬಿಡುವ ತನಕ ಮನೆ, ಕಾರು ಎರಡರಲ್ಲೂ ಒಂದೂ ಬೇಡ.

ಪ್ರಶ್ನೆ: ಐದು ತಿಂಗಳು ಬಿಟ್ಟಿದ್ದೆ. ಮೊನ್ನೆ ಪಾರ್ಟಿಯಲ್ಲಿ ಎರಡು ಸೇದಿಬಿಟ್ಟೆ. ಎಲ್ಲ ಹಾಳಾಯಿತೇ?

ಎರಡು ಸಿಗರೇಟು ಎರಡೇ. ‘ಹೇಗೂ ಕೆಟ್ಟಿತು’ ಎಂದು ಮೂರನೆಯದನ್ನು ಹಚ್ಚುವುದರಲ್ಲಿದೆ ಅಪಾಯ. ಉಳಿದ ಪ್ಯಾಕ್ ಇದ್ದರೆ ಈಗಲೇ ನೀರಿಗೆ ಹಾಕಿ. ಮದ್ಯ ಇತ್ತೇ ಎಂದು ನೆನಪಿಸಿಕೊಳ್ಳಿ, ಬಹಳ ಸಲ ಜಾರುವುದು ಅಲ್ಲಿ. ಮುಂದಿನ ಕೆಲವು ತಿಂಗಳು ಮದ್ಯದ ಕೂಟ ಬೇಡ, ಹೋಗಲೇಬೇಕಾದರೆ ಜೇಬಿನಲ್ಲಿ ಗಮ್ ಇರಲಿ.

ಪ್ರಶ್ನೆ: ಮುಂದಿನ ತಿಂಗಳು ಹರ್ನಿಯಾ ಆಪರೇಷನ್. ಈಗ ಬಿಟ್ಟರೆ ದೇಹಕ್ಕೆ ಆಘಾತವಾಗುತ್ತದೆ, ಆಮೇಲೆ ಬಿಡು ಎನ್ನುತ್ತಾರೆ.

ಇವತ್ತೇ ಬಿಡಿ. ಹೊಗೆ ಗಾಯಕ್ಕೆ ಆಮ್ಲಜನಕ ತಲುಪುವುದನ್ನು ತಗ್ಗಿಸುತ್ತದೆ. ಹೊಲಿಗೆ ಸೋಂಕಾಗುವುದು, ಬಿಟ್ಟುಕೊಳ್ಳುವುದು, ಆಪರೇಷನ್ ನಂತರ ನ್ಯುಮೋನಿಯಾ ಬರುವುದು ಸೇದುವವರಲ್ಲೇ ಹೆಚ್ಚು. ಹರ್ನಿಯಾ ಮರಳುವ ಸಂಭವವೂ ಅವರಿಗೇ ಹೆಚ್ಚು. ನಾಲ್ಕು ವಾರ ಮೊದಲು ಬಿಟ್ಟರೆ ಲಾಭ ಚೆನ್ನಾಗಿ ಕಾಣುತ್ತದೆ, ಹಿಂದಿನ ದಿನ ಬಿಟ್ಟರೂ ರಕ್ತದ ಕಾರ್ಬನ್ ಮೊನಾಕ್ಸೈಡ್ ಇಳಿಯುತ್ತದೆ. ಪ್ಯಾಚ್ ಹಚ್ಚುತ್ತಿದ್ದರೆ ಶಸ್ತ್ರವೈದ್ಯರಿಗೂ ಅರಿವಳಿಕೆ ವೈದ್ಯರಿಗೂ ಮೊದಲೇ ತಿಳಿಸಿ. ಆ ದಿನ ಅದನ್ನು ಇಟ್ಟುಕೊಳ್ಳಬೇಕೇ ತೆಗೆಯಬೇಕೇ ಎಂದು ಅವರು ಹೇಳುತ್ತಾರೆ.